ಬೀಗ ತೆಗೆದವರಿಗೆ ಎಷ್ಟು ಮರ್ಯಾದೆ? ಡಿ ಕ್ಲರ್ಕ್ ಬಗ್ಗೆ ಇನ್ನೂ ಮುಗಿಯದ ಜಗಳ

1/6
ಫೋಟೋ ನೋಡಿ. 1993ರ ಡಿಸೆಂಬರ್ 10, ನಾರ್ವೆಯ ಓಸ್ಲೋ. ನೊಬೆಲ್ ಶಾಂತಿ ಪ್ರಶಸ್ತಿ ತಗೊಳ್ತಿರೋ ಇಬ್ಬರಲ್ಲಿ ಒಬ್ಬರು ನೆಲ್ಸನ್ ಮಂಡೇಲಾ, ಎಲ್ಲರಿಗೂ ಗೊತ್ತು. ಪಕ್ಕದಲ್ಲಿರೋ ಬಿಳಿಯರು ಯಾರು? ಎಫ್. ಡಬ್ಲ್ಯು. ಡಿ ಕ್ಲರ್ಕ್. ವರ್ಣಭೇದ ನೀತಿ ಇದ್ದ ದಕ್ಷಿಣ ಆಫ್ರಿಕಾದ ಕೊನೆಯ ಅಧ್ಯಕ್ಷರು.

ಮಂಡೇಲಾರನ್ನ 27 ವರ್ಷ ಜೈಲಲ್ಲಿಟ್ಟ ಪಕ್ಷದವರು ಇವರೇ. ಆ ಜೈಲಿನ ಬೀಗ ತೆಗೆಸಿದವರೂ ಇವರೇ. ಹಾಗಾದ್ರೆ ನಿವೃತ್ತಿ ಆದಮೇಲೆ ಸರಿ-ತಪ್ಪಿನ ಬಗ್ಗೆ ಈ ಮಾಜಿ ಅಧ್ಯಕ್ಷರು ಮಾತಾಡಿದರೆ ಜನ ಕೇಳಬೇಕಾ? ಅವರಿಗೆ ಆ ನೈತಿಕ ಹಕ್ಕು ಇತ್ತಾ? ಅವರ ದೇಶದಲ್ಲಿ ಈ ಜಗಳ ಅವರು ಸತ್ತ ಮೇಲೂ ನಿಂತಿಲ್ಲ.

2/6
ಮೊದಲು ಅವರ ಪರ ವಾದ. ನ್ಯಾಯವಾಗಿಯೇ ಹೇಳೋಣ.

1989ರಲ್ಲಿ ಅಧ್ಯಕ್ಷರಾದರು. 1990ರ ಫೆಬ್ರವರಿ 2ರಂದು ಸಂಸತ್ತಿನಲ್ಲಿ ನಿಂತು ಮಂಡೇಲಾರ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಮೇಲಿನ ನಿಷೇಧ ತೆಗೆದರು. ಕಮ್ಯುನಿಸ್ಟ್ ಪಕ್ಷದ ಮೇಲಿನ ನಿಷೇಧವೂ ಹೋಯಿತು. ಒಂಬತ್ತು ದಿನಕ್ಕೆ ಮಂಡೇಲಾ ಹೊರಗೆ ಬಂದರು. 1992ರ ಮಾರ್ಚಲ್ಲಿ ಬಿಳಿಯರಿಗೆ ಮಾತ್ರ ಜನಮತ ನಡೆಸಿ, ಈ ಬದಲಾವಣೆ ಮುಂದುವರಿಯಬೇಕಾ ಅಂತ ಕೇಳಿದರು. ನೂರಕ್ಕೆ ಸುಮಾರು 69 ಜನ ಹೌದು ಅಂದರು. 1994ರ ಏಪ್ರಿಲಲ್ಲಿ ಎಲ್ಲರೂ ಓಟು ಹಾಕಿದ ಮೊದಲ ಚುನಾವಣೆ ನಡೀತು. ಇವರು ಸೋತರು, ಕುರ್ಚಿ ಬಿಟ್ಟುಕೊಟ್ಟರು, ಮಂಡೇಲಾ ಕೈಕೆಳಗೆ ಉಪಾಧ್ಯಕ್ಷರಾದರು.

ಸೈನ್ಯ, ಪೊಲೀಸ್, ದುಡ್ಡು ಎಲ್ಲಾ ಕೈಲಿದ್ದಾಗ ಅಧಿಕಾರ ಬಿಡೋರು ಇತಿಹಾಸದಲ್ಲಿ ಎಷ್ಟು ಜನ ಸಿಗ್ತಾರೆ ಹೇಳಿ? ಇನ್ನೂ ಹತ್ತು ವರ್ಷ ಹಟ ಹಿಡಿದಿದ್ದರೆ ಎಷ್ಟು ರಕ್ತ ಹರೀತಿತ್ತೋ. ಈ ವಾದವನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ.

3/6
ಈಗ ಇನ್ನೊಂದು ಕಡೆ.

ಡಿ ಕ್ಲರ್ಕ್ 1978ರಿಂದಲೇ ಮಂತ್ರಿ. ನಮ್ಮಂಥ ವಿದ್ಯಾರ್ಥಿಗಳಿಗೆ ಇದು ಮುಖ್ಯ: ಶಿಕ್ಷಣ ಮಂತ್ರಿ ಆಗಿದ್ದಾಗ 1987ರಲ್ಲಿ, ಕ್ಯಾಂಪಸ್‌ನಲ್ಲಿ ಪ್ರತಿಭಟನೆ ಹತ್ತಿಕ್ಕದ ವಿಶ್ವವಿದ್ಯಾಲಯಗಳಿಗೆ ಸರ್ಕಾರದ ಅನುದಾನ ಕಡಿತ ಮಾಡೋ ಷರತ್ತು ತಂದರು. ಕೋರ್ಟ್ ಅದನ್ನ ತಳ್ಳಿಹಾಕಿತು.

ಇನ್ನೊಂದು ಘಟನೆ. 1993ರ ಅಕ್ಟೋಬರ್ 8ರಂದು ಉಮ್ಟಾಟಾ ಊರಿನ ಒಂದು ಮನೆಗೆ ಸೈನಿಕರು ನುಗ್ಗಿ ಐದು ಹುಡುಗರನ್ನ ಕೊಂದರು. ಇಬ್ಬರಿಗೆ ಬರೀ 12 ವರ್ಷ. ಸಶಸ್ತ್ರ ಹೋರಾಟಗಾರರ ಅಡ್ಡೆ ಅಂತ ನಂಬಿ ಆ ದಾಳಿಗೆ ಒಪ್ಪಿಗೆ ಕೊಟ್ಟಿದ್ದವರು ಅಧ್ಯಕ್ಷ ಡಿ ಕ್ಲರ್ಕ್. ಇದಾಗಿ ಒಂದು ವಾರಕ್ಕೆ ನೊಬೆಲ್ ಘೋಷಣೆ ಆಯಿತು. ಮೇಲಿನ ಫೋಟೋನ ಈಗ ಇನ್ನೊಂದು ಸಲ ನೋಡಿ.

ಅಧಿಕಾರ ಬಿಟ್ಟಿದ್ದೂ ಬರೀ ಮನಸ್ಸು ಕರಗಿ ಅಲ್ಲ. ಹೊರದೇಶಗಳ ಆರ್ಥಿಕ ನಿರ್ಬಂಧ, ಬೀದಿ ಬೀದಿಯಲ್ಲಿ ಪ್ರತಿಭಟನೆ, ಕಾರ್ಮಿಕರ ಮುಷ್ಕರ, 1989ರಲ್ಲಿ ಬರ್ಲಿನ್ ಗೋಡೆ ಬಿದ್ದಮೇಲೆ ಕಮ್ಯುನಿಸ್ಟ್ ಭಯದ ನೆಪವೂ ಹೋಗಿತ್ತು. ಬೀಗ ತೆಗೆದವರು ಇವರು ಹೌದು. ಬಾಗಿಲು ಬಡಿದು ಬಡಿದು ಸಡಿಲ ಮಾಡಿದವರು ಲಕ್ಷಾಂತರ ಜನ.

4/6
ಮಂಡೇಲಾ ಏನಂದರು? ಎರಡೂ ಅಂದರು!

1990ರ ಫೆಬ್ರವರಿ 11, ಬಿಡುಗಡೆ ಆದ ದಿನ ಕೇಪ್ ಟೌನ್‌ನಲ್ಲಿ ಭಾಷಣ ಮಾಡ್ತಾ ಡಿ ಕ್ಲರ್ಕ್ ಪ್ರಾಮಾಣಿಕ ಮನುಷ್ಯ ಅಂದರು. 1991ರ ಡಿಸೆಂಬರಲ್ಲಿ ಸಂವಿಧಾನ ಮಾತುಕತೆ ಶುರುವಾದ ದಿನ, ಟಿವಿ ಕ್ಯಾಮೆರಾಗಳ ಮುಂದೆಯೇ ಡಿ ಕ್ಲರ್ಕ್‌ಗೆ ಝಾಡಿಸಿದರು. ಜನರ ಒಪ್ಪಿಗೆ ಇಲ್ಲದ ಸರ್ಕಾರದ ಮುಖ್ಯಸ್ಥರಾದರೂ ಒಂದಷ್ಟು ನೈತಿಕ ಮಟ್ಟ ಕಾಪಾಡಿಕೊಳ್ಳಬೇಕು ಅನ್ನೋ ಅರ್ಥದ ಮಾತು. ಆದರೂ ಮರುದಿನ ಕೈಕುಲುಕಿ ಮಾತುಕತೆ ಮುಂದುವರಿಸಿದರು. ಒಬ್ಬರ ಜೊತೆ ಕೆಲಸ ಮಾಡೋದು ಬೇರೆ, ಅವರ ತಪ್ಪು ಮಾಫಿ ಮಾಡೋದು ಬೇರೆ ಅಂತ ಮಂಡೇಲಾಗೆ ಚೆನ್ನಾಗಿ ಗೊತ್ತಿತ್ತು.

5/6
ಆಮೇಲೆ ಸತ್ಯ ಮತ್ತು ಸಾಮರಸ್ಯ ಆಯೋಗ ಬಂತು. ಡಿ ಕ್ಲರ್ಕ್ ಅಲ್ಲಿ ವರ್ಣಭೇದ ನೀತಿಗೆ ಕ್ಷಮೆ ಕೇಳಿದರು. ಆದರೆ ಕೊಲೆ, ಚಿತ್ರಹಿಂಸೆಗೆ ತಾವು ಒಪ್ಪಿಗೆ ಕೊಟ್ಟಿರಲಿಲ್ಲ ಅಂದರು. 1998ರಲ್ಲಿ ಆಯೋಗದ ವರದಿ ಬರೋ ಹೊತ್ತಿಗೆ ಕೋರ್ಟಿಗೆ ಹೋದರು. ಅವರ ಬಗ್ಗೆ ಇದ್ದ ಭಾಗ ಕಪ್ಪು ಬಳಿದು ಅಚ್ಚಾಯಿತು.

2020ರ ಫೆಬ್ರವರಿಯಲ್ಲಿ ಟಿವಿ ಸಂದರ್ಶನದಲ್ಲಿ, ವರ್ಣಭೇದ ನೀತಿ ಮಾನವತೆಯ ವಿರುದ್ಧದ ಅಪರಾಧ ಅನ್ನೋದನ್ನ ಪೂರ್ತಿ ಒಪ್ಪಲ್ಲ ಅಂದರು. ವಿಶ್ವಸಂಸ್ಥೆ 1973ರ ಒಪ್ಪಂದದಲ್ಲೇ ಅದನ್ನ ಹಾಗೆ ಕರೆದಿತ್ತು! ಸಂಸತ್ತಿಗೆ ಅತಿಥಿಯಾಗಿ ಬಂದಾಗ ವಿರೋಧ ಪಕ್ಷದ ಸದಸ್ಯರು ಇವರನ್ನ ಹೊರಗೆ ಕಳಿಸಿ ಅಂತ ಪಟ್ಟು ಹಿಡಿದರು. ಕೆಲವೇ ದಿನದಲ್ಲಿ ಮಾತು ವಾಪಸ್ ತಗೊಂಡು ಕ್ಷಮೆ ಕೇಳಿದರು.

6/6
2021ರ ನವೆಂಬರ್ 11ರಂದು 85ನೇ ವಯಸ್ಸಲ್ಲಿ ತೀರಿಕೊಂಡರು. ಅವತ್ತೇ ಒಂದು ವಿಡಿಯೋ ಹೊರಬಂತು. ಅದರಲ್ಲಿ ಯಾವ ಷರತ್ತೂ ಇಲ್ಲದೆ ಕ್ಷಮೆ ಕೇಳಿದ್ದರು. ಕೆಲವರ ಕಣ್ಣು ಒದ್ದೆ ಆಯಿತು, ಕೆಲವರಿಗೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಇತ್ತು. ಸತ್ತವರನ್ನ ಮರುಪ್ರಶ್ನೆ ಕೇಳೋಕೆ ಆಗಲ್ಲ.

ಪ್ರಶ್ನೆಗಳು ಹಾಗೇ ಉಳಿದಿದ್ದವು. 1985ರಲ್ಲಿ ಕ್ರಾಡಾಕ್ ಊರಿನ ನಾಲ್ವರು ಹೋರಾಟಗಾರರನ್ನ ಭದ್ರತಾ ಪೊಲೀಸರು ಕೊಂದಿದ್ದರು. ಆಗ ಡಿ ಕ್ಲರ್ಕ್ ಮಂತ್ರಿ. ಮೇಲಿನವರಿಗೆ ಏನು ಗೊತ್ತಿತ್ತು ಅಂತ ಆ ಮನೆಯವರು ವರ್ಷಗಟ್ಟಲೆ ಕೇಳಿದರು. 2025ರಲ್ಲಿ ಆ ಸಾವುಗಳ ವಿಚಾರಣೆ ಕೋರ್ಟಲ್ಲಿ ಮತ್ತೆ ಶುರುವಾದಾಗ ಉತ್ತರ ಹೇಳೋಕೆ ಡಿ ಕ್ಲರ್ಕ್ ಇರಲಿಲ್ಲ.

ನನ್ನ ತೀರ್ಮಾನ ಹೇಳಿಬಿಡ್ತೀನಿ. ಎರಡು ಲೆಕ್ಕ ಬೇರೆ ಬೇರೆ ಇಡಬೇಕು. 1990ರ ನಿರ್ಧಾರದ ಶ್ರೇಯಸ್ಸು ಅವರಿಗೆ ಸಲ್ಲಲೇಬೇಕು, ಅದನ್ನ ಕಿತ್ತುಕೊಳ್ಳೋಕೆ ಯಾರಿಗೂ ಆಗಲ್ಲ. ಆದರೆ ನೈತಿಕ ಹಕ್ಕು ಅನ್ನೋದು ಒಂದು ಒಳ್ಳೇ ನಿರ್ಧಾರಕ್ಕೆ ಜೀವನಪೂರ್ತಿ ಸಿಗೋ ಪಿಂಚಣಿ ಥರ ಅಲ್ಲ. ನೊಂದವರು ಎದುರಿಗೆ ಕೂತು ಕೇಳಿದಾಗ, ಬದುಕಿದ್ದಾಗಲೇ ಬಾಯಿಬಿಟ್ಟು ಉತ್ತರ ಕೊಟ್ಟವರಿಗೆ ಅದು ಸಿಗುತ್ತೆ. ಡಿ ಕ್ಲರ್ಕ್ ಅಲ್ಲಿಗೆ ಹತ್ತಿರ ಬಂದರು, ಪೂರ್ತಿ ತಲುಪಲಿಲ್ಲ.

ನೀವು ಒಪ್ತೀರಾ? ಅಥವಾ ರಕ್ತಪಾತ ತಪ್ಪಿಸಿದ್ದೇ ಸಾಕು, ಉಳಿದದ್ದು ಮರೀಬಹುದು ಅಂತೀರಾ? ಕಾಮೆಂಟಲ್ಲಿ ಬರೀರಿ. ಬರೆಯೋ ಮುಂಚೆ ಒಂದು ನಿಮಿಷ ಉಮ್ಟಾಟಾದ ಆ ಐದು ಹುಡುಗರ ಅಪ್ಪ-ಅಮ್ಮನ ಜಾಗದಲ್ಲಿ ನಿಂತು ನೋಡಿ.

#ಇತಿಹಾಸ #ದಕ್ಷಿಣಆಫ್ರಿಕಾ #ಮಂಡೇಲಾ #ಡಿಕ್ಲರ್ಕ್ #ಕನ್ನಡದಲ್ಲಿಇತಿಹಾಸ