ಆವನಿಯ ಶಾಸನ ಮತ್ತು ಸಾವಿರ ವರ್ಷದ ಬಿಸಿಲು

ಹೋದ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಆವನಿಗೆ ಹೋಗಿದ್ದೆ. ಶಾಸನ ಓದಲು ಎಳೆ ಬಿಸಿಲಿನ ಓರೆ ಬೆಳಕೇ ಒಳ್ಳೆಯದು, ಆದರೆ ಮುಳಬಾಗಿಲು ದಾಟುವಷ್ಟರಲ್ಲೇ ತಡವಾಗಿತ್ತು. ರಾಮಲಿಂಗೇಶ್ವರ ಗುಡಿಗಳ ಅಂಗಳದ ಹಾಸುಗಲ್ಲು ಕಾದು, ಬರಿಗಾಲಿಡಲು ಆಗುತ್ತಿರಲಿಲ್ಲ. ಗೋಡೆಯ ನೆರಳಿನಲ್ಲಿ ಕೂತಿದ್ದ ಯಜಮಾನರೊಬ್ಬರು ನನ್ನನ್ನೇ ನೋಡುತ್ತಿದ್ದು, ಕೊನೆಗೆ ಕೇಳಿದರು:

"ಏನ್ ಬರ್ದವ್ರೆ ಸಾ ಕಲ್ನಾಗೆ?"

"ಸಾವಿರ ವರ್ಷದ ಹಿಂದೆ ಇಲ್ಲಿದ್ದ ಗುರುಗಳೊಬ್ಬರ ವಿಷಯ ಯಜಮಾನ್ರೇ. ಗುಡಿ ಕಟ್ಟಿಸಿದ್ರು, ಕೆರೆ ಕಟ್ಟಿಸಿದ್ರು ಅಂತ ಬರೋ ಶಾಸನಗಳು ಈ ಊರಲ್ಲಿವೆ."

"ಅವಾಗ್ಲೂ ಇಂಗೇ ಬಿಸ್ಲಿತ್ತಾ?"

ನಾನು ತಬ್ಬಿಬ್ಬಾದೆ. ಯಾಕಂದ್ರೆ ಹಿಂದೊಮ್ಮೆ ಒಂದು ಭಾಷಣದಲ್ಲಿ ಇದೇ ಪ್ರಶ್ನೆಗೆ ಬಹಳ ಧೈರ್ಯದಿಂದ ಉತ್ತರ ಕೊಟ್ಟುಬಿಟ್ಟಿದ್ದೆ. ಆ ಉತ್ತರ ತಪ್ಪು. ಅದನ್ನು ತಿದ್ದುವುದಕ್ಕೇ ಈ ಬರಹ.

ಆವನಿಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟದಲ್ಲಿ (ಕೋಲಾರ ಜಿಲ್ಲೆ, 1905) ಪ್ರಕಟಿಸಿದರು. ಅವುಗಳಲ್ಲಿ ಬಹು ಪ್ರಸಿದ್ಧವಾದದ್ದು ನೊಳಂಬರ ಕಾಲದ, 10ನೇ ಶತಮಾನದ ಶೈವ ಗುರು ತ್ರಿಭುವನಕರ್ತನದು. 'ಕಲಿಯುಗರುದ್ರ' ಎನಿಸಿಕೊಂಡಿದ್ದ ಈತ 40 ವರ್ಷ ಆವನಿಯ ಸ್ಥಾನವನ್ನು ಆಳಿ, 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಶಾಸನ ಹೇಳುತ್ತದೆ. ನಾನು ಭಾಷಣದಲ್ಲಿ ಹೇಳಿದ್ದು ಇಷ್ಟು: ಒಬ್ಬ ತಪಸ್ವಿ ಎರಡು ದೊಡ್ಡ ಕೆರೆ ಕಟ್ಟಿಸಬೇಕಾಯ್ತು ಅಂದ್ರೆ ಆ ಕಾಲದಲ್ಲಿ ಬರ ಬಿದ್ದಿರಬೇಕು, ಬಿಸಿಲು ಹೆಚ್ಚಿರಬೇಕು. ಸಭೆಯವರು ತಲೆದೂಗಿದರು. ಆಮೇಲೆ ಒಬ್ಬ ವಿದ್ಯಾರ್ಥಿನಿ ಬಂದು ಕೇಳಿದಳು: "ಸರ್, ಎರಡು ಕೆರೆ ಬರಕ್ಕೆ ಸಾಕ್ಷಿ ಅಂದ್ರೆ, ಐವತ್ತು ಗುಡಿ ಯಾವುದಕ್ಕೆ ಸಾಕ್ಷಿ?"

ಸರಿಯಾದ ಪೆಟ್ಟು. ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದು, ಪುಣ್ಯದ ಕೆಲಸ. ಹೊಸ ಗದ್ದೆ ಎಬ್ಬಿಸಲು, ಗುಡಿಗೆ ಆದಾಯ ಮಾಡಲು, ಹೆಸರು ಉಳಿಸಲು, ಹೀಗೆ ಹತ್ತು ಕಾರಣಕ್ಕೆ ಕೆರೆ ಕಟ್ಟಿಸುತ್ತಿದ್ದರು. ಅದರಲ್ಲೂ ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ಚೆನ್ನಾಗಿ ಬರುವ ಕಾಲದಲ್ಲೂ ನೀರು ಹಿಡಿದಿಡದೆ ಇಲ್ಲಿ ಬೇಸಾಯ ಸಾಗದು. ಹಾಗಾಗಿ ಕೆರೆಗಳ ಲೆಕ್ಕದಿಂದ ಮಳೆಯನ್ನೂ ಬಿಸಿಲನ್ನೂ ಅಳೆಯಲಾಗದು.

ಬೇತಮಂಗಲವನ್ನೇ ನೋಡಿ. ಪಾಲಾರ್ ನದಿಗೆ ಕಟ್ಟಿದ ದೊಡ್ಡ ಕೆರೆಯ ಈ ಊರು ಶಾಸನಗಳಲ್ಲಿ ವಿಜಯಾದಿತ್ಯಮಂಗಲ. 10ನೇ ಶತಮಾನದಲ್ಲಿ ಒಡೆದಿದ್ದ ಈ ಕೆರೆಯನ್ನು ನೊಳಂಬ ದೊರೆ ಇರಿವ ನೊಳಂಬ ಮತ್ತೆ ಕಟ್ಟಿಸಿದ. ಕೆರೆ ಒಡೆದದ್ದು ಅತಿಮಳೆಗೋ, ಏರಿಯನ್ನು ನೋಡಿಕೊಳ್ಳುವವರಿಲ್ಲದೆಯೋ? ಒಂದು ಒಡಕು ಎರಡೂ ಕಥೆಗೆ ಒಗ್ಗುತ್ತದೆ.

ಇನ್ನೂ ಒಂದು ವಿಚಿತ್ರ ಗಮನಿಸಿ. ನಮ್ಮ ಶಾಸನಗಳು ಆಕಾಶದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಶಕವರ್ಷ, ಸಂವತ್ಸರ, ತಿಥಿ, ವಾರ, ಗ್ರಹಣ, ಉತ್ತರಾಯಣ ಸಂಕ್ರಮಣ, ಎಲ್ಲವೂ ಇರುತ್ತವೆ. ಆದರೆ ದಾನ ಕೊಟ್ಟ ಆ ದಿನ ಸೆಕೆಯಿತ್ತೋ ಚಳಿಯಿತ್ತೋ, ಅದನ್ನು ಬರೆಯುವ ವಾಡಿಕೆಯಿಲ್ಲ. ಗ್ರಹಣಕಾಲದ ದಾನಕ್ಕೆ ಫಲ ಹೆಚ್ಚು, ಸೆಕೆಗೆ ಅಂಥ ಫಲವಿಲ್ಲ. ಶಾಸನದ ಮೌನವನ್ನು 'ಆಗ ಹಿತವಾಗಿತ್ತು' ಅಂತಲೂ ಓದಬಾರದು.

ಹಾಗಾದ್ರೆ ಬೇರೆ ಸಾಕ್ಷಿ ಇದೆಯೇ? ಛತ್ತೀಸ್‌ಗಢದ ದಂಡಕ ಗುಹೆಯಲ್ಲಿ ತೊಟ್ಟಿಕ್ಕಿ ಪದರಪದರವಾಗಿ ಬೆಳೆದ ಸುಣ್ಣದ ಕಲ್ಲನ್ನು ಪರೀಕ್ಷಿಸಿ ವಿಜ್ಞಾನಿಗಳು ಕ್ರಿ.ಶ. 600ರಿಂದ 1500ರವರೆಗಿನ ಮುಂಗಾರಿನ ಏರಿಳಿತ ಗುರುತಿಸಿದ್ದಾರೆ. 14ನೇ ಶತಮಾನದ ನಡುವಿನಿಂದ 15ನೇ ಶತಮಾನದ ನಡುವಿನವರೆಗೆ ಮತ್ತೆ ಮತ್ತೆ ದೀರ್ಘ ಬರ ಬಂದದ್ದು ಅದರಲ್ಲಿ ಕಾಣುತ್ತದೆ. ತ್ರಿಭುವನಕರ್ತನ ಕಾಲ ಅದಕ್ಕಿಂತ ನಾಲ್ಕು ಶತಮಾನ ಮೊದಲು. ಆದರೆ ಅದು ಮಧ್ಯಭಾರತದ ಮಳೆಯ ದಾಖಲೆ, ಕೋಲಾರದ ಉಷ್ಣಾಂಶದ್ದಲ್ಲ. ಕೋಲಾರಕ್ಕೆ ಮುಂಗಾರಿನಷ್ಟೇ ಹಿಂಗಾರೂ ಮುಖ್ಯ.

ಪಾದರಸದ ಥರ್ಮಾಮೀಟರನ್ನು ಫ್ಯಾರನ್‌ಹೀಟ್ ರೂಪಿಸಿದ್ದೇ 1714ರಲ್ಲಿ. ಇಡೀ ದೇಶದ ವಾರ್ಷಿಕ ಸರಾಸರಿ ಉಷ್ಣಾಂಶವನ್ನು ಹವಾಮಾನ ಇಲಾಖೆ ಲೆಕ್ಕ ಹಾಕುವುದು 1901ರಿಂದ. 2020ರಲ್ಲಿ ಭೂವಿಜ್ಞಾನ ಸಚಿವಾಲಯ ಹೊರತಂದ ವರದಿಯ ಪ್ರಕಾರ 1901ರಿಂದ 2018ರ ನಡುವೆ ಆ ಸರಾಸರಿ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 2024 ಆ ಪಟ್ಟಿಯಲ್ಲೇ ಅತಿ ಬೆಚ್ಚಗಿನ ವರ್ಷ. 'ಮುಕ್ಕಾಲು ಡಿಗ್ರಿನೂ ಇಲ್ವಲ್ಲ' ಅನ್ನಿಸಬಹುದು. ಬೆಳಗಿಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಹೆಚ್ಚುಕಮ್ಮಿ ಆಗುವ ನಾಡಿದು, ನಿಜ. ಆದರೆ ಇದು ಹಗಲು ರಾತ್ರಿ, ಬೇಸಿಗೆ ಚಳಿಗಾಲ, ಎಲ್ಲ ಊರು ಕೂಡಿಸಿ ತೆಗೆದ ಸರಾಸರಿ. ಒಂದು ದಿನದ ಬಿಸಿಲಿನಂತೆ ಅದು ನಾಳೆ ಇಳಿದುಹೋಗುವುದಿಲ್ಲ.

ಇಲ್ಲಿಗೆ ಕಲ್ಲಿನ ಮಾತು ಮುಗಿಯಿತು ಅಂದುಕೊಂಡಿದ್ದೆ. ಮುಗಿದಿಲ್ಲ. ಅಕ್ಷರ ಕೆತ್ತದ ಕಲ್ಲೂ ಉಷ್ಣಾಂಶವನ್ನು ನೆನಪಿಡುತ್ತದೆ! ಹಗಲಿನ ಕಾವು ಬಂಡೆಯೊಳಗೆ ಒಂದು ಮೀಟರಿನಾಚೆ ಹೋಗುವುದಿಲ್ಲ. ಬೇಸಿಗೆ ಚಳಿಗಾಲಗಳ ಏರಿಳಿತ ಹದಿನೈದಿಪ್ಪತ್ತು ಮೀಟರ್ ಆಳದಲ್ಲಿ ಅಡಗುತ್ತದೆ. ಅದರ ಕೆಳಗೆ ಇಳಿಯುವುದು ದೀರ್ಘಕಾಲದ ಬದಲಾವಣೆ ಮಾತ್ರ. ನೂರು ವರ್ಷದ್ದು ಸುಮಾರು 150 ಮೀಟರ್ ಆಳ ಮುಟ್ಟಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಮೆರಿಕದ ಸಹೋದ್ಯೋಗಿಗಳ ಜೊತೆ ಸೇರಿ, ದೇಶದ ಹಲವೆಡೆ ಕೊರೆದ ಕೊಳವೆಗಳಲ್ಲಿ ಆಳಕ್ಕೆ ತಕ್ಕಂತೆ ಉಷ್ಣಾಂಶ ಅಳೆದರು. ಸುಮಾರು 150 ವರ್ಷದಲ್ಲಿ ನೆಲ ಸುಮಾರು 0.9 ಡಿಗ್ರಿ ಬಿಸಿಯಾಗಿದೆ ಎಂದು 2002ರಲ್ಲಿ ಪ್ರಕಟಿಸಿದರು. ಥರ್ಮಾಮೀಟರಿನ ಲೆಕ್ಕವೂ ಬಂಡೆಯ ಲೆಕ್ಕವೂ ಒಂದೇ ದಿಕ್ಕಿಗೆ ಬೆರಳು ತೋರುತ್ತವೆ.

ಆದರೆ ಈ 'ಶಾಸನ'ವೂ ಸವೆಯುತ್ತದೆ. ಹಿಂದೆ ಹೋದಷ್ಟೂ ಮಸುಕು. ತ್ರಿಭುವನಕರ್ತನ ಕಾಲದ ಒಂದೊಂದು ದಶಕವನ್ನು ಅದರಲ್ಲಿ ಬಿಡಿಸಿ ಓದಲಾಗದು. ಜೊತೆಗೆ, ಬಂಡೆಯ ಬಿರುಕಿನಲ್ಲಿ ನೀರು ಓಡಾಡಿದರೆ ಈ ದಾಖಲೆ ಕಲಸಿಹೋಗುತ್ತದೆ. ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆದು ನೀರೆತ್ತುತ್ತಿರುವ ಜಿಲ್ಲೆ ನಮ್ಮದು. ಕೆರೆ ತುಂಬಿಸಲು 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ತರಿಸಿಕೊಳ್ಳುತ್ತಿದ್ದೇವೆ. ಮುಂದೊಂದು ದಿನ ಇದನ್ನೂ ಯಾರಾದರೂ ಕಲ್ಲಿನಲ್ಲಿ ಬರೆಸಿದರೆ, ಅದನ್ನು ಓದುವವರು 'ಆಗ ಮಳೆಯೇ ಇರಲಿಲ್ಲ' ಎಂದು ತೀರ್ಮಾನಿಸಬಹುದು. ನಾವು ಬಲ್ಲೆವು, ಕಾರಣ ಮಳೆಯೊಂದೇ ಅಲ್ಲ. ಹೂಳು, ಒತ್ತುವರಿ, ಮುಚ್ಚಿದ ರಾಜಕಾಲುವೆ, ಬತ್ತಿದ ಅಂತರ್ಜಲ ಎಲ್ಲವೂ ಸೇರಿವೆ. ತ್ರಿಭುವನಕರ್ತನ ಎರಡು ಸಾಲಿಗೆ ನಾನು ಮಾಡಿದ್ದೂ ಅಂಥದೇ ಅನ್ಯಾಯ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಕೆರೆ ಶಾಸನದ ಫೋಟೋ ತೆಗೆದಾಗ ಆ ಕೆರೆಯ ಏರಿ, ತೂಬು, ಕೋಡಿಯ ಫೋಟೋವನ್ನೂ ತಾರೀಖಿನ ಸಮೇತ ತೆಗೆದಿಡಿ. ನೀರಿದ್ದರೆ ಎಷ್ಟಿತ್ತು ಅಂತಲೂ ಬರೆದಿಡಿ. ಹಿಂದಿನವರು ಬರೆಯದೆ ಬಿಟ್ಟದ್ದು ಅದೇ.

ಆ ಯಜಮಾನರಿಗೆ ಅವತ್ತು "ಗೊತ್ತಿಲ್ಲ ಯಜಮಾನ್ರೇ, ಕಲ್ಲಲ್ಲಿ ಬರೆದಿಲ್ಲ" ಅಂದೆ. ಅವರು ನಕ್ಕರು. "ಮತ್ತೆ ಕೆರೆ ಬಗ್ಗೆ ಬರ್ದವ್ರಲ್ಲ, ಅದು ಸಾಕು ಬುಡಿ," ಅಂದು ಟವೆಲ್ಲು ತಲೆಗೆ ಸುತ್ತಿಕೊಂಡು ಬಿಸಿಲಿಗೆ ಇಳಿದರು.