ಚಿತ್ರಗಳನ್ನು ಎಲ್ಲಿಡಬೇಕು?

ವೆಬ್ ತಾಣದಲ್ಲಿ ನಾವು ನೋಡುವ ಚಿತ್ರಕ್ಕೆ ಹಿಂಬದಿಯ ಕಂಪ್ಯೂಟರಿನಲ್ಲಿ ಎರಡು ಜಾಗಗಳಿವೆ. ಒಂದು, ಹೆಸರು, ತಾರೀಕು, ಲೆಕ್ಕಗಳನ್ನು ಕೋಷ್ಟಕಗಳಲ್ಲಿ ಬರೆದಿಡುವ ಡೇಟಾಬೇಸ್. ಇನ್ನೊಂದು, ಡಿಸ್ಕಿನಲ್ಲಿರುವ ಮಾಮೂಲಿ ಫೈಲುಗಳ ವ್ಯವಸ್ಥೆ. ಚಿತ್ರವನ್ನು ಫೈಲಾಗಿಟ್ಟರೆ ಡೇಟಾಬೇಸಿನಲ್ಲಿ ಅದರ ವಿಳಾಸವಷ್ಟೇ ಇರುತ್ತದೆ. ದಾಖಲೆ ಅಳಿಸಿದರೂ ಚಿತ್ರ ಡಿಸ್ಕಿನಲ್ಲಿ ಅನಾಥವಾಗಿ ಉಳಿಯಬಹುದು. ಚಿತ್ರ ಹೋಗಿ ವಿಳಾಸವೊಂದೇ ಉಳಿಯುವುದೂ ಉಂಟು. ಆದರೂ ಅನುಭವಸ್ಥರ ಬುದ್ಧಿಮಾತು ಒಂದೇ ಆಗಿತ್ತು: ಚಿತ್ರ ತುಂಬಿ ಡೇಟಾಬೇಸನ್ನು ಉಬ್ಬಿಸಬೇಡಿ.

1998ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ತೆರೆದ ಟೆರ್ರಾಸರ್ವರ್ ತಾಣ ಈ ಮಾತಿಗೆ ಎದುರು ನಡೆಯಿತು. ಅಮೆರಿಕ ಸರ್ಕಾರದ ಭೂವಿಜ್ಞಾನ ಇಲಾಖೆ ವಿಮಾನದಿಂದ ತೆಗೆಸಿದ್ದ ಚಿತ್ರಗಳ ಜೊತೆಗೆ, ರಷ್ಯದ ಉಪಗ್ರಹದ ಚಿತ್ರಗಳೂ ಅಲ್ಲಿದ್ದವು. ಶೀತಲ ಸಮರ ಮುಗಿದು ಹತ್ತು ವರ್ಷವೂ ಆಗಿರಲಿಲ್ಲ! ಟಾಮ್ ಬಾರ್ಕ್ಲೇ, ಜಿಮ್ ಗ್ರೇ ಮತ್ತು ಸಂಗಡಿಗರು ಇವನ್ನೆಲ್ಲ ಪುಟ್ಟ ಚೌಕಗಳಾಗಿ ಕತ್ತರಿಸಿ, ಒಂದೊಂದನ್ನೂ ಡೇಟಾಬೇಸಿನ ಒಂದೊಂದು ಸಾಲಿನಲ್ಲಿಟ್ಟರು. ತನ್ನ ಡೇಟಾಬೇಸಿನ ತಾಕತ್ತು ತೋರಿಸುವ ಆಸೆ ಕಂಪೆನಿಗೆ ಇತ್ತೆನ್ನಿ. ಅದೇನೇ ಇರಲಿ, ಟೆರಾಬೈಟ್‌ಗೂ ಮೀರಿದ ಚಿತ್ರರಾಶಿಯನ್ನು ಡೇಟಾಬೇಸ್ ಹೊತ್ತಿತು.

ಅದೇ ವರ್ಷದ ಟ್ಯೂರಿಂಗ್ ಪ್ರಶಸ್ತಿ ಪಡೆದ ಗ್ರೇ, ಅಷ್ಟಕ್ಕೇ ಗೆದ್ದೆನೆಂದು ಕೂರಲಿಲ್ಲ. 2006ರಲ್ಲಿ ರಸೆಲ್ ಸಿಯರ್ಸ್, ಕ್ಯಾಥರೀನ್ ವಾನ್ ಇಂಗೆನ್ ಜೊತೆ ಸೇರಿ ಎರಡೂ ವಿಧಾನಗಳನ್ನು ಅಳೆದು ನೋಡಿದರು. 256 ಕಿಲೋಬೈಟ್‌ಗಿಂತ ಚಿಕ್ಕದಕ್ಕೆ ಡೇಟಾಬೇಸ್ ಮೇಲು, ಒಂದು ಮೆಗಾಬೈಟ್‌ಗಿಂತ ದೊಡ್ಡದಕ್ಕೆ ಫೈಲೇ ಮೇಲು ಎಂದು ಕಂಡುಬಂತು. ಪುಟ್ಟ ಚಿತ್ರಕ್ಕೆ ಫೈಲು ತೆರೆಯುವ ಖರ್ಚೇ ದುಬಾರಿ. ದೊಡ್ಡದನ್ನು ಮತ್ತೆ ಮತ್ತೆ ಬದಲಿಸಿದರೆ ಡೇಟಾಬೇಸಿನಲ್ಲಿ ಅದರ ತುಂಡುಗಳು ಚೆಲ್ಲಾಪಿಲ್ಲಿಯಾಗಿ ಓದುವ ವೇಗ ಕುಸಿಯುತ್ತದೆ. ಹೊಸ ಡಿಸ್ಕಿನ ಮೇಲೆ ಮಾಡಿದ ಪರೀಕ್ಷೆಯಲ್ಲಿ ಈ ತೊಂದರೆ ಕಾಣುವುದೇ ಇಲ್ಲ. ನನಗೆ ಆ ವರದಿಯಲ್ಲಿ ಮುಖ್ಯವೆನಿಸುವುದು ಈ ಎಚ್ಚರಿಕೆಯೇ.

ವರದಿ ಬಂದ ಮರುವರ್ಷ, 2007ರ ಜನವರಿ 28ರಂದು, ತಾಯಿಯ ಚಿತಾಭಸ್ಮವನ್ನು ಸಮುದ್ರದಲ್ಲಿ ವಿಸರ್ಜಿಸಲೆಂದು ಗ್ರೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟರು. ಹಿಂದಿರುಗಲಿಲ್ಲ. ಕರಾವಳಿ ಕಾವಲು ಪಡೆ ಹುಡುಕಿತು. ಸ್ನೇಹಿತರು ಆ ಕಡಲಿನ ಉಪಗ್ರಹ ಚಿತ್ರಗಳನ್ನು ತೆಗೆಸಿದರು. ಅವನ್ನು ಟೆರ್ರಾಸರ್ವರ್‌ನಂತೆಯೇ ಸಣ್ಣ ಚೂರುಗಳಾಗಿಸಿ ಜನರ ಮುಂದಿಟ್ಟಾಗ, ಸಾವಿರಾರು ಮಂದಿ ತಂತಮ್ಮ ಕಂಪ್ಯೂಟರುಗಳ ಮುಂದೆ ಕುಳಿತು ಒಂದೊಂದೇ ಚೂರನ್ನು ಪರೀಕ್ಷಿಸಿದರು. ದೋಣಿ ಸಿಗಲಿಲ್ಲ.