ವಿಷುಯಲ್ ರಿಗ್ರೆಷನ್ ಪರೀಕ್ಷೆ

ವಿಷುಯಲ್ ರಿಗ್ರೆಷನ್ ಪರೀಕ್ಷೆಯು ತಂತ್ರಾಂಶ ಪರೀಕ್ಷೆಯ ಒಂದು ವಿಧಾನ. ಜಾಲತಾಣದ ಕೋಡ್ ಬದಲಾದಾಗ ಪುಟಗಳ ತೋರಿಕೆ ಉದ್ದೇಶವಿಲ್ಲದೆ ಕೆಟ್ಟಿದೆಯೇ ಎಂಬುದನ್ನು ಹಳೆಯ ಮತ್ತು ಹೊಸ ಪರದೆಚಿತ್ರಗಳ ಸ್ವಯಂಚಾಲಿತ ಹೋಲಿಕೆಯಿಂದ ಇದರಲ್ಲಿ ಪತ್ತೆಹಚ್ಚಲಾಗುತ್ತದೆ.

ಅಗತ್ಯ

ಗುಂಡಿಯೊಂದು ಪುಟದಲ್ಲಿದೆಯೇ, ಒತ್ತಿದರೆ ಕೆಲಸ ಮಾಡುತ್ತದೆಯೇ ಎಂಬುದನ್ನು ಸಾಮಾನ್ಯ ಪರೀಕ್ಷೆಗಳು ನೋಡುತ್ತವೆ. ಗುಂಡಿಯ ಬರಹ ಹಿನ್ನೆಲೆಯ ಬಣ್ಣದಲ್ಲಿ ಕರಗಿಹೋಗಿದ್ದರೂ ಅವು ಯಶಸ್ವಿಯಾಗುತ್ತವೆ. ಒಂದೇ ಸಿಎಸ್‌ಎಸ್ ನಿಯಮ ಅನೇಕ ಪುಟಗಳಿಗೆ ಅನ್ವಯಿಸುವುದರಿಂದ, ಒಂದೆಡೆ ಮಾಡಿದ ತಿದ್ದುಪಡಿಯು ಯಾರೂ ತೆರೆದು ನೋಡದ ಮತ್ತೊಂದು ಪುಟವನ್ನು ಕೆಡಿಸಬಹುದು.

ಕನ್ನಡ ಪುಟಗಳಲ್ಲಿ ಈ ಅಪಾಯ ಇನ್ನೂ ಸ್ಪಷ್ಟ. ಲ್ಯಾಟಿನ್ ಅಕ್ಷರಗಳ ಅಳತೆಗೆ ಸಾಲಿನ ಎತ್ತರವನ್ನು ಬಿಗಿಗೊಳಿಸಿ, ಹೊರಚಾಚಿದ ಭಾಗವನ್ನು ಮರೆಮಾಡಿದರೆ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. 'ಕತ್ತೆ' ಎಂಬುದು 'ಕತೆ' ಆಗಿ ಕಾಣಬಹುದು. ಮೂಲಪಠ್ಯ ಸರಿಯಾಗಿಯೇ ಇರುವುದರಿಂದ ಪಠ್ಯವನ್ನಷ್ಟೇ ಓದುವ ಪರೀಕ್ಷೆಗೆ ಇದು ತಿಳಿಯದು. ಇಂಗ್ಲಿಷ್ ಪುಟಗಳ ಚಿತ್ರಗಳನ್ನು ಮಾತ್ರ ಹೋಲಿಸುವ ತಂಡಕ್ಕೂ ತಿಳಿಯದು.

ವಿಧಾನ

ಸರಿಯೆಂದು ಒಪ್ಪಿದ ಪುಟದ ಚಿತ್ರವನ್ನು ಆಧಾರಚಿತ್ರವಾಗಿ ಉಳಿಸಿಕೊಳ್ಳಲಾಗುತ್ತದೆ. ಪ್ರತಿ ಬದಲಾವಣೆಯ ನಂತರ ಬ್ರೌಸರ್ ಅದೇ ಪುಟವನ್ನು ಅದೇ ಅಗಲದಲ್ಲಿ ಮತ್ತೆ ಚಿತ್ರಿಸುತ್ತದೆ. ಎರಡನ್ನೂ ಪಿಕ್ಸೆಲ್‌ಗಳ ಮಟ್ಟದಲ್ಲಿ ಹೋಲಿಸಿ, ವ್ಯತ್ಯಾಸವಿರುವ ಕಡೆಗಳನ್ನು ಬಣ್ಣದಿಂದ ಗುರುತಿಸಲಾಗುತ್ತದೆ. ಅದು ದೋಷವೋ ಉದ್ದೇಶಿತ ಬದಲಾವಣೆಯೋ ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು. ಉದ್ದೇಶಿತವಾದರೆ ಹೊಸ ಚಿತ್ರವೇ ಆಧಾರಚಿತ್ರವಾಗುತ್ತದೆ.

ಮಿತಿಗಳು

ಹುಸಿ ಎಚ್ಚರಿಕೆಗಳು ಇದರ ದೊಡ್ಡ ತೊಡಕು. ಅಕ್ಷರಗಳ ಅಂಚನ್ನು ನಯಗೊಳಿಸುವ ರೀತಿ ಕಾರ್ಯಾಚರಣಾ ವ್ಯವಸ್ಥೆಯಿಂದ ವ್ಯವಸ್ಥೆಗೆ ಬೇರೆಯಾಗುತ್ತದೆ. ದಿನಾಂಕ, ಜಾಹೀರಾತು, ಚಲನೆಗಳೂ ಚಿತ್ರವನ್ನು ಬದಲಿಸುತ್ತವೆ. ಹೀಗಾಗಿ ಅಂತಹ ಭಾಗಗಳನ್ನು ಮುಚ್ಚಿ, ಅಲ್ಪ ವ್ಯತ್ಯಾಸಕ್ಕೆ ವಿನಾಯಿತಿ ನೀಡುವುದು ವಾಡಿಕೆ. ವಿನಾಯಿತಿಯನ್ನು ಶೇಕಡಾವಾರಿನಲ್ಲಿ ಇಡುವಾಗ ಎಚ್ಚರ ಬೇಕು: 1280×720 ಅಳತೆಯ ಚಿತ್ರದಲ್ಲಿ 9,21,600 ಪಿಕ್ಸೆಲ್‌ಗಳಿದ್ದು, ಶೇ. 1 ಎಂದರೆ 9,216 ಪಿಕ್ಸೆಲ್‌ಗಳು. ಮಾಯವಾದ ಒತ್ತಕ್ಷರವೊಂದು ಅದರಲ್ಲಿ ಸುಲಭವಾಗಿ ಅಡಗಿಹೋಗುತ್ತದೆ.

ಎಚ್ಚರಿಕೆಗಳಿಂದ ಬೇಸತ್ತು ನೋಡದೆಯೇ ಒಪ್ಪಿಗೆ ನೀಡಿದರೆ ದೋಷವೇ ಆಧಾರಚಿತ್ರವನ್ನು ಸೇರುತ್ತದೆ. ಮುಂದೆ ಯಾರಾದರೂ ಆ ದೋಷವನ್ನು ಸರಿಪಡಿಸಿದಾಗ ಪರೀಕ್ಷೆ ವಿಫಲವಾಗುತ್ತದೆ.

ಸಾಧನಗಳು

ಬಿಬಿಸಿ ನ್ಯೂಸ್‌ನ ಅಭಿವೃದ್ಧಿಗಾರರು ರೂಪಿಸಿದ ರೇತ್ ಆರಂಭಿಕ ಮುಕ್ತ ಸಾಧನಗಳಲ್ಲೊಂದು. ಮೈಕ್ರೋಸಾಫ್ಟ್‌ನ ಪ್ಲೇರೈಟ್ ಚಿತ್ರ ಹೋಲಿಕೆಗೆ ಪಿಕ್ಸೆಲ್‌ಮ್ಯಾಚ್ ಗ್ರಂಥಾಲಯವನ್ನು ಬಳಸುತ್ತದೆ. ಮುಂಬಯಿಯಲ್ಲಿ 2011ರಲ್ಲಿ ಆರಂಭವಾದ ಬ್ರೌಸರ್‌ಸ್ಟ್ಯಾಕ್ ಸಂಸ್ಥೆಯು 2020ರಲ್ಲಿ ಪರ್ಸಿ ಎಂಬ ಸೇವೆಯನ್ನು ಕೊಂಡುಕೊಂಡಿತು. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶಕ್ಕಾಗಿ ಸಿದ್ಧಪಡಿಸಿದ ಪಿಕ್ಸೆಲ್ ಎಂಬ ಸಾಧನವು ಬ್ಯಾಕ್‌ಸ್ಟಾಪ್‌ಜೆಎಸ್ ಅನ್ನು ಆಧರಿಸಿದೆ.